ಏಳು ಚಿತ್ರಗಳು, ಏಳು ಕೋಣೆಗಳು, ಏಳು ದೂರುಗಳು

ಗೋಡೆಯ ಮೇಲೆ ಒಂದು ಸುಂದರ ಚಿತ್ರ ಕಂಡರೆ ನಾವು ನಿಂತು ನೋಡುತ್ತೇವೆ, ಮೆಚ್ಚಿ ಮುಂದೆ ಸಾಗುತ್ತೇವೆ. ಆದರೆ ಆ ಚಿತ್ರದ ಕಥೆಯನ್ನೇ ಒಂದು ಕೋಣೆಯಾಗಿ ಕಟ್ಟಲು ಸಾಧ್ಯವೇ? ಹಾಗೆ ಕಟ್ಟಿದ ಕೋಣೆಯಿಂದ ಯಾರಿಗೆ ಪ್ರಯೋಜನ? ಈ ಪ್ರಶ್ನೆಗಳನ್ನು ಎಂಟು ಶತಮಾನಗಳ ಹಿಂದೆಯೇ ಕೇಳಿದವರು ಗಂಜಾ ನಗರದ ಪರ್ಶಿಯನ್ ಕವಿ ನಿಜಾಮಿ. 1197ರಲ್ಲಿ ಅವರು ಪೂರ್ಣಗೊಳಿಸಿದ ಕಾವ್ಯದ ಹೆಸರು 'ಹಫ್ತ್ ಪೈಕರ್', ಅಂದರೆ ಏಳು ರೂಪಗಳು.

ಕಾವ್ಯದ ನಾಯಕ ಇರಾನಿನ ಸಾಸಾನಿ ದೊರೆ ಬಹ್ರಾಮ್ ಗೋರ್. ಅವನು ಬಾಲ್ಯ ಕಳೆದದ್ದು ಅರಬ್ ರಾಜ ನುಅಮಾನನ ಆಶ್ರಯದಲ್ಲಿ. ರಾಜಕುಮಾರನಿಗಾಗಿ ಸಿಮ್ನಾರ್ ಎಂಬ ಶಿಲ್ಪಿ ಖವರ್ನಕ್ ಎಂಬ ಅದ್ಭುತ ಅರಮನೆಯನ್ನು ಕಟ್ಟಿದನು. ಇದಕ್ಕಿಂತ ಉತ್ತಮವಾದುದನ್ನೂ ಕಟ್ಟಬಲ್ಲೆ ಎಂದು ಅವನು ಹೇಳಿದ್ದೇ ತಪ್ಪಾಯಿತು. ಬೇರೆಯವರಿಗೆ ಕಟ್ಟಿಕೊಟ್ಟಾನೆಂಬ ಭಯದಿಂದ ರಾಜನು ಅವನನ್ನು ಆ ಅರಮನೆಯ ಮೇಲಿನಿಂದಲೇ ತಳ್ಳಿಸಿ ಕೊಲ್ಲಿಸಿದನು. ಉಪಕಾರಕ್ಕೆ ಅಪಕಾರ ಮಾಡುವುದನ್ನು ಅರಬ್ಬರು ಇಂದಿಗೂ 'ಸಿನಿಮ್ಮಾರನಿಗೆ ಸಿಕ್ಕ ಪ್ರತಿಫಲ' ಎನ್ನುತ್ತಾರೆ.

ಇದೇ ಅರಮನೆಯ ಬೀಗ ಹಾಕಿದ ಕೋಣೆಯೊಂದನ್ನು ಬಹ್ರಾಮ್ ಒಮ್ಮೆ ತೆರೆಸಿದನು. ಗೋಡೆಯ ಮೇಲೆ ಏಳು ದೇಶಗಳ ಏಳು ರಾಜಕುಮಾರಿಯರ ಚಿತ್ರಗಳಿದ್ದವು. ಅವುಗಳ ನಡುವೆ ಒಬ್ಬ ಯುವಕನ ಚಿತ್ರ, ಅದರ ಮೇಲೆ ಅವನದೇ ಹೆಸರು! ಮುಂದೆ ದೊರೆಯಾದಾಗ ಅವನು ಆ ಏಳು ಮಂದಿಯನ್ನೂ ವಿವಾಹವಾದನು. ಆಗ ಸಿಮ್ನಾರನ ಶಿಷ್ಯ ಶೀದಾ ಮುಂದೆ ಬಂದು, ಏಳು ಗ್ರಹಗಳಿಗೆ ಅನುಗುಣವಾಗಿ ಏಳು ಗುಮ್ಮಟಗಳನ್ನು ಕಟ್ಟುವುದಾಗಿ ಹೇಳಿದನು.

ಈ ಯೋಜನೆಯನ್ನು ಸ್ವಲ್ಪ ಗಮನಿಸಿ. ಶನಿವಾರಕ್ಕೆ ಶನಿಗ್ರಹ, ಕಪ್ಪು ಗುಮ್ಮಟ, ಅಲ್ಲಿ ಭಾರತದ ರಾಜಕುಮಾರಿ. ಭಾನುವಾರ ಸೂರ್ಯನ ಹಳದಿ, ಸೋಮವಾರ ಚಂದ್ರನ ಹಸಿರು, ಮಂಗಳವಾರ ಕೆಂಪು, ಬುಧವಾರ ನೀಲಿ, ಗುರುವಾರ ಶ್ರೀಗಂಧದ ಬಣ್ಣ. ಕೊನೆಗೆ ಶುಕ್ರವಾರ ಬಿಳಿ, ಅಲ್ಲಿ ಇರಾನಿನ ರಾಜಕುಮಾರಿ. ಗುಮ್ಮಟದ ಬಣ್ಣವೇ ರಾಣಿಯ ಉಡುಪಿನ ಬಣ್ಣ, ಅಂದು ದೊರೆ ತೊಡುವ ಉಡುಪೂ ಅದೇ. ರಾಣಿ ಹೇಳುವ ಕಥೆಯೂ ಆ ಬಣ್ಣದ ಸುತ್ತಲೇ ಹೆಣೆದದ್ದು. ಕಪ್ಪು ಕೋಣೆಯಲ್ಲಿ ಊರಿಗೆ ಊರೇ ಕಪ್ಪು ಬಟ್ಟೆ ತೊಟ್ಟವರ ಕಥೆ. ಕೆಂಪು ಕೋಣೆಯಲ್ಲಿ, ಸತ್ತವರಿಗೆ ನ್ಯಾಯ ಬೇಡಿ ಕೆಂಪು ತೊಟ್ಟ ಯುವಕನ ಕಥೆ. ಹೀಗೆ ಚಿತ್ರ, ಬಣ್ಣ, ಖಗೋಳ, ಕಥೆ ನಾಲ್ಕೂ ಸೇರಿ ಒಂದು ಕೋಣೆಯಾಯಿತು.

ಆದರೆ ನಿಜಾಮಿ ಇಲ್ಲಿಗೆ ನಿಲ್ಲಿಸಲಿಲ್ಲ. ದೊರೆ ಚೆಲುವಾದ ಕೋಣೆಗಳಲ್ಲಿ ಕಥೆ ಕೇಳುತ್ತಾ ಮೈಮರೆತಿದ್ದಾಗ ಅವನ ವಜೀರನು ಪ್ರಜೆಗಳನ್ನು ಸುಲಿಯುತ್ತಿದ್ದನು. ಎಚ್ಚೆತ್ತ ದೊರೆಯ ಮುಂದೆ ಸೆರೆಯಿಂದ ಬಂದ ಏಳು ಮಂದಿ ನೊಂದವರು ತಮ್ಮ ದೂರುಗಳನ್ನು ಹೇಳಿದರು. ಏಳು ಕಥೆಗಳಿಗೆ ಏಳು ದೂರುಗಳು! ವಜೀರನಿಗೆ ಶಿಕ್ಷೆಯಾಯಿತು, ದೊರೆ ಆ ಏಳು ಗುಮ್ಮಟಗಳನ್ನೇ ಬಿಟ್ಟುಕೊಟ್ಟನು. ಪ್ರಜೆಯ ದನಿ ಒಳಗೆ ಬಾರದ ಕೋಣೆ ಎಷ್ಟು ಸುಂದರವಾಗಿದ್ದರೇನು?

ಇದು ಬರೀ ಕಾವ್ಯವಲ್ಲವೇ ಎಂದು ನೀವು ಕೇಳಬಹುದು. ಈ ಕಾವ್ಯದ ಹಸ್ತಪ್ರತಿಗಳಿಗೆ ಹೆರಾತ್ ನಗರದ ಕಲಾವಿದರು ಸೊಗಸಾದ ಚಿತ್ರಗಳನ್ನು ಬರೆದರು. ಸುಮಾರು 1494ರಲ್ಲಿ ಮಹಾನ್ ಚಿತ್ರಕಾರ ಬಿಹ್ಜಾದ್ ಬರೆದ ಖವರ್ನಕ್‌ನ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ರಾಜನಿಲ್ಲ, ಸಿಂಹಾಸನವಿಲ್ಲ. ಗಾರೆ ಕಲಸುವವರು, ಇಟ್ಟಿಗೆ ಹೊರುವವರು, ಏಣಿ ಹತ್ತುವವರು ಪುಟದ ತುಂಬ ಇದ್ದಾರೆ. ಕಥೆ ಮರೆತುಬಿಡಬಹುದಾದ ಕೂಲಿಕಾರರನ್ನು ಬಿಹ್ಜಾದ್ ಮರೆಯಲಿಲ್ಲ.

ಅದೇ ಹೆರಾತಿನ ಇತಿಹಾಸಕಾರ ಖ್ವಾಂದ್‌ಮೀರ್ ಮುಂದೆ ಭಾರತಕ್ಕೆ ಬಂದು, ಬಾಬರನ ಮಗ ಹುಮಾಯೂನನ ಆಸ್ಥಾನದ ಬಗ್ಗೆ ಬರೆದರು. ಹುಮಾಯೂನನೂ ದಿನದ ಗ್ರಹಕ್ಕೆ ತಕ್ಕ ಬಣ್ಣದ ಉಡುಪು ತೊಡುತ್ತಿದ್ದನು, ಶನಿವಾರ ಕಪ್ಪು, ಭಾನುವಾರ ಹಳದಿ. ಅವನು ಗ್ರಹಗಳ ಹೆಸರಿನಲ್ಲಿ ಏಳು ಸಭಾಂಗಣಗಳನ್ನೇ ಕಟ್ಟಿಸಿದ್ದನೆಂದು ಬರೆದವರು ಯಾರು ಗೊತ್ತೇ? ನಮ್ಮ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫರಿಶ್ತಾ. ಅವರು ಹೇಳುವಂತೆ ಚಂದ್ರನ ಸಭಾಂಗಣ ರಾಯಭಾರಿಗಳಿಗೆ, ದೂತರಿಗೆ ಮತ್ತು ಪ್ರಯಾಣಿಕರಿಗೆ ಮೀಸಲು. ಪ್ರತಿಯೊಂದರ ಪೀಠೋಪಕರಣ, ಚಿತ್ರ, ಸೇವಕರ ಉಡುಪಿನಲ್ಲೂ ಆಯಾ ಗ್ರಹದ ಗುರುತು ಇರುತ್ತಿತ್ತು.

ಕಾವ್ಯದ ಬಹ್ರಾಮನಿಗೂ ಹುಮಾಯೂನನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅವನ ಕೋಣೆಗಳು ವಿಲಾಸಕ್ಕೆ, ಇವನವು ಜನರನ್ನು ಕಂಡು ಮಾತನಾಡುವುದಕ್ಕೆ. ಜೊತೆಗೆ ಹುಮಾಯೂನ್ ಒಂದು ನ್ಯಾಯದ ನಗಾರಿಯನ್ನೂ ಇರಿಸಿದ್ದನೆಂದು ಖ್ವಾಂದ್‌ಮೀರ್ ಬರೆಯುತ್ತಾರೆ. ಜಗಳದ ದೂರಿದ್ದರೆ ಒಂದು ಪೆಟ್ಟು, ಸಂಬಳ ಸಿಗದಿದ್ದರೆ ಎರಡು, ಆಸ್ತಿ ಕಸಿದಿದ್ದರೆ ಮೂರು, ಕೊಲೆಯಾಗಿದ್ದರೆ ನಾಲ್ಕು. ಸಂಬಳ ಸಿಗದ ಬಡವನ ದನಿಗೂ ಅರಮನೆಯಲ್ಲಿ ಒಂದು ಜಾಗವಿತ್ತು.

ಆ ಏಳು ಸಭಾಂಗಣಗಳು ಇಂದು ಉಳಿದಿಲ್ಲ. ಆದರೆ ಅವು ಕೇಳುವ ಪ್ರಶ್ನೆ ಉಳಿದಿದೆ. ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ವಾಸ್ತುಶಿಲ್ಪಿಗಳಾಗಬಹುದು, ಇಂಜಿನಿಯರರಾಗಬಹುದು. ಗಣಿತದ ಜೊತೆ ಸಾಹಿತ್ಯವನ್ನೂ ಓದಿ. ಶೀದಾನಿಗೆ ಎರಡೂ ಬೇಕಾಗಿದ್ದವು. ನೀವು ಶಾಲೆಯ ಕೊಠಡಿಯನ್ನೋ ಆಸ್ಪತ್ರೆಯ ಹಜಾರವನ್ನೋ ಕಟ್ಟುವಾಗ ಗೋಡೆಗೆ ಯಾವ ಬಣ್ಣ ಎಂದು ಯೋಚಿಸುವ ಜೊತೆಗೆ, ದೂರು ಹೊತ್ತು ಬಂದವನು ಯಾವ ಬಾಗಿಲಿನಿಂದ ಒಳಗೆ ಬರುತ್ತಾನೆ ಎಂದೂ ಯೋಚಿಸಿ. ಗಾರೆ ಕಲಸಿದ ಕೈಗಳಿಗೆ ಕೂಲಿ ಸಂದಿದೆಯೇ ಎಂದು ವಿಚಾರಿಸಲು ಮರೆಯಬೇಡಿ.