ಬಂದವರು ಧಾರು?

ದೀಪಾವಳಿಗೆ ತೇರದಾಳಕ್ಕೆ ಹೋದಾಗ ಚಿಕ್ಕಪ್ಪನ ಮಗ ಕಟ್ಟೆ ಮೇಲೆ ಮೊಬೈಲ್ ಹಿಡಿದು ಕೂತಿದ್ದ. ಪಟಾಕಿ ಬಿಟ್ಟು ಇದೇನು ಮಾಡ್ತಾನ ಅಂತ ಇಣುಕಿದೆ. ಚಿತ್ರ ಇಲ್ಲ, ಬಂದೂಕು ಇಲ್ಲ, ಸದ್ದೂ ಇಲ್ಲ. ಬರೀ ಅಕ್ಷರ. "ಅಣ್ಣಾ, ಇದು ಆಟ. ಆಡಾಕ ಮೊದಲ ಒಂದು ಪಾತ್ರ ಮಾಡ್ಕೋಬೇಕಂತ. ಏನ್ ಬರೀಲಿ?" ಅಂದ.

ಪರದೆ ಮೇಲೆ ಒಂದಾದ ಮೇಲೆ ಒಂದು ಪ್ರಶ್ನೆ: ನಿನ್ನ ಹೆಸರೇನು? ಎಲ್ಲಿಯವನು? ನೋಡಲು ಹೇಗಿದ್ದೀ? ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಕಚ್ಚಾ? ಈ ಊರಿಗೆ ಬಂದ ಕಾರಣವೇನು?

ಇವನ್ನೆಲ್ಲ ನಾನು ಎಲ್ಲೋ ಕೇಳಿದ್ದೆ. ಎಲ್ಲಿ ಅಂತ ನೆನಪಾಗಲು ಎರಡು ನಿಮಿಷ ಹಿಡಿಯಿತು. ದೊಡ್ಡಾಟದಲ್ಲಿ!

ನಮ್ಮ ಕಡೆ ರಾತ್ರಿಯಿಡೀ ಆಟ ನೋಡಿದವರಿಗೆ ಇದು ಗೊತ್ತು. ಕಿರೀಟ, ಭುಜಕೀರ್ತಿ, ಎದೆಹಾರ ಕಟ್ಟಿಕೊಂಡ ಪಾತ್ರ ಕುಣಿಯುತ್ತಾ ರಂಗಕ್ಕೆ ಬರುತ್ತದೆ. ಬಂದ ಕೂಡಲೇ ಕಥೆ ಶುರುವಾಗುವುದಿಲ್ಲ. ಸಾರಥಿ ಅಡ್ಡ ನಿಲ್ಲುತ್ತಾನೆ. ತಾವು ಧಾರು, ತಮ್ಮ ಸ್ಥಳ ಯಾವುದು, ನಾಮಾಂಕಿತವೇನು, ಈ ಸಭೆಗೆ ಬಂದ ಕಾರಣವೇನು ಅಂತ ಕೇಳುತ್ತಾನೆ. ಎದುರಿಗೆ ಕೂತ ಜನಕ್ಕೆ ಆ ವೇಷ ಯಾರದೆಂದು ಚೆನ್ನಾಗಿ ಗೊತ್ತು. ಆದರೂ ಸಾರಥಿ ಕೇಳಲೇಬೇಕು, ಪಾತ್ರ ಹೇಳಲೇಬೇಕು. ಹೇಳುವವರೆಗೆ ಅಲ್ಲಿ ನಿಂತವನು ನಮ್ಮೂರ ಗೌಂಡಿಯೋ ನೇಕಾರನೋ ಆಗಿರುತ್ತಾನೆ. ಹೇಳಿ ಮುಗಿಸಿದ ಮೇಲೆ ದುರ್ಯೋಧನ.

ಇದರಲ್ಲಿ ಇನ್ನೊಂದು ಮಜಾ ಇದೆ. ಪಾತ್ರ ಸುಮ್ಮನೆ ಹೆಸರು ಒಪ್ಪಿಸುವುದಿಲ್ಲ. ಎಷ್ಟೋ ಆಟಗಳಲ್ಲಿ ಮೊದಲು ಸಾರಥಿಯನ್ನೇ ಗದರಿಸಿ ನೀನು ಯಾರು ಅಂತ ತಿರುಗಿ ಕೇಳುತ್ತದೆ. ಆಮೇಲೆ ತನ್ನ ಪಟ್ಟಣ, ವಂಶ, ಯಾರನ್ನು ಗೆದ್ದೆ, ಯಾರು ನನಗೆ ಅಂಜುತ್ತಾರೆ ಎಂಬುದನ್ನೆಲ್ಲ ಉಸಿರು ಬಿಡದೆ ಹೇಳುತ್ತದೆ. ಹೆಸರು ಬರುವುದು ಕೊನೆಗೆ. ಮೊಬೈಲ್ ಆಟದಲ್ಲಿ ಹೆಸರು ಮೊದಲು. ನನಗೆ ದೊಡ್ಡಾಟದ ಕ್ರಮವೇ ಹೆಚ್ಚು ಹಿಡಿಸುತ್ತದೆ. ಹೆಸರು ಬರುವ ಹೊತ್ತಿಗೆ ಅದನ್ನು ಹೊರಲು ಒಬ್ಬ ಮನುಷ್ಯ ತಯಾರಾಗಿರುತ್ತಾನೆ.

ಈ ಕ್ರಮ ದೊಡ್ಡಾಟಕ್ಕಿಂತಲೂ ಹಳೆಯದು. ಅದನ್ನು ನೋಡಲು ದೂರ ಹೋಗಬೇಕಿಲ್ಲ, ತೇರದಾಳದ ನೇಮಿನಾಥ ಬಸದಿಗೆ ಹೋದರೆ ಸಾಕು. 1123ರ ಸುಮಾರಿಗೆ ಇಲ್ಲಿ ಆಳುತ್ತಿದ್ದ ಮಂಡಲಿಕ ಗೊಂಕ ಆ ಬಸದಿ ಕಟ್ಟಿಸಿದ, ದಾನ ಬಿಟ್ಟ, ಶಾಸನ ಹಾಕಿಸಿದ. ಆಗ ಅವನ ಮೇಲಿನ ಒಡೆಯರು ಸವದತ್ತಿಯ ರಟ್ಟರು. ರಟ್ಟರ ಶಾಸನ ಯಾವುದನ್ನೇ ಓದಿ, ಅರಸನ ಹೆಸರಿಗೆ ಮೊದಲು ಉದ್ದನೆಯ ಮಾಲೆ ಬರುತ್ತದೆ: ಪಂಚಮಹಾಶಬ್ದ ಪಡೆದವನು, ಮಹಾಮಂಡಲೇಶ್ವರ, ಲತ್ತಲೂರು ಪುರವರಾಧೀಶ್ವರ, ಸಿಂಧೂರ ಲಾಂಛನದವನು, ಚಿನ್ನದ ಗರುಡಧ್ವಜದವನು. ಇಷ್ಟೆಲ್ಲ ಆದ ಮೇಲೆ ಕಾರ್ತವೀರ್ಯ ಅಂತಲೋ ಮತ್ತೊಂದೋ ಹೆಸರು. ಊರು, ಪದವಿ, ಗುರುತು, ಬಾವುಟ, ಕಡೆಗೆ ಹೆಸರು. ಸಾರಥಿ ಕೇಳಿದ್ದಕ್ಕೆ ಕಲ್ಲು ಉತ್ತರ ಕೊಟ್ಟ ಹಾಗೆ.

ಲತ್ತಲೂರು ಅಂದರೆ ಇಂದಿನ ಲಾತೂರು. ರಟ್ಟರು ಆಳಿದ್ದು ಸವದತ್ತಿಯಿಂದ. ಆದರೆ ಹೇಳಿಕೊಂಡದ್ದು ಲತ್ತಲೂರಿನವರು ಅಂತ, ಏಕೆಂದರೆ ದೊಡ್ಡ ರಾಷ್ಟ್ರಕೂಟರ ಮೂಲಸ್ಥಾನ ಅದು. ಪಾತ್ರ ಮಾಡುವವರು ಈಗ ಹಿನ್ನೆಲೆ ಕಥೆ ಅಂತ ಬರೆಯುತ್ತಾರಲ್ಲ, ಅದನ್ನು ರಟ್ಟರು ಕಲ್ಲಲ್ಲೇ ಬರೆಸಿದ್ದರು.

ಊರು ಯಾವುದು ಅನ್ನುವ ಪ್ರಶ್ನೆಯೂ ಅಷ್ಟು ಸರಳವಲ್ಲ. 1948ಕ್ಕೆ ಮೊದಲು ತೇರದಾಳದವನು ಸಾಂಗ್ಲಿ ಸಂಸ್ಥಾನದ ಪ್ರಜೆ. ಪಕ್ಕದ ಜಮಖಂಡಿಯವನು ಇನ್ನೊಬ್ಬ ಪಟವರ್ಧನರ ಸಂಸ್ಥಾನದವನು, ಮುಧೋಳದವನು ಘೋರ್ಪಡೆಯವರ ಕಡೆಯವನು. ಆಮೇಲೆ ಎಲ್ಲರೂ ಮುಂಬೈ ಪ್ರಾಂತದವರಾದರು, 1956ರಲ್ಲಿ ಮೈಸೂರು ರಾಜ್ಯದವರು, 1973ರಲ್ಲಿ ಕರ್ನಾಟಕದವರು, 1997ರಲ್ಲಿ ಬಾಗಲಕೋಟೆ ಜಿಲ್ಲೆಯವರು. ಒಬ್ಬ ಅಜ್ಜ ತನ್ನ ಮನೆ ಕಟ್ಟೆ ಬಿಟ್ಟು ಏಳದೆ ಐದು ಬಗೆಯ ಉತ್ತರ ಕೊಡಬಹುದಿತ್ತು.

ಇನ್ನು ಕಂಪ್ಯೂಟರಿನ ಕಥೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರತಂದರು. ಮೇಜಿನ ಸುತ್ತ ಕೂತು ಮಾತಲ್ಲೇ ಆಡುವ ಆಟ. ಪಾತ್ರ ಮಾಡಲು ಮೂರು ದಾಳ ಉರುಳಿಸಬೇಕು. ಬಲ, ಬುದ್ಧಿ, ವಿವೇಕ, ಚುರುಕು, ತಾಳಿಕೆ, ವರ್ಚಸ್ಸು, ಹೀಗೆ ಆರು ಗುಣ. ದಾಳ ಬಿದ್ದ ಹಾಗೆ ನಿನ್ನ ಹಣೆಬರಹ. ಪಗಡೆ ಆಡಿದ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಇಂಥದ್ದೊಂದು ಲೋಕವನ್ನು ಕಂಪ್ಯೂಟರಿನೊಳಗೆ ಕಟ್ಟಲು ಶುರು ಮಾಡಿದ. ಗೆಳೆಯ ರಿಚರ್ಡ್ ಬಾರ್ಟ್ಲ್ ಅದನ್ನು ಬೆಳೆಸಿದ. ಹೆಸರು ಮಡ್. ಹಲವರು ಬೇರೆ ಬೇರೆ ಕಡೆ ಕೂತು ಒಂದೇ ಲೋಕಕ್ಕೆ ಇಳಿಯಬಹುದಾಗಿತ್ತು. ಎಲ್ಲವೂ ಅಕ್ಷರದಲ್ಲಿ. ಬಡಗಣಕ್ಕೆ ಹೋಗು ಅಂತ ಟೈಪ್ ಮಾಡಿದರೆ ಬಡಗಣದ ವರ್ಣನೆ ಬರುತ್ತಿತ್ತು. ಒಳಗೆ ಹೋಗುವ ಮೊದಲು ಯಂತ್ರ ಕೇಳುತ್ತಿದ್ದದ್ದು ಎರಡೇ: ನಿನ್ನನ್ನು ಏನೆಂದು ಕರೆಯಲಿ? ಗಂಡಾಗುತ್ತೀಯೋ ಹೆಣ್ಣಾಗುತ್ತೀಯೋ?

ಎರಡನೆಯ ಪ್ರಶ್ನೆ ಮತ್ತೊಮ್ಮೆ ಓದಿ. ನೀನು ಗಂಡೋ ಹೆಣ್ಣೋ ಅಂತ ಅದು ಕೇಳಲಿಲ್ಲ, ಏನಾಗುತ್ತೀ ಅಂತ ಕೇಳಿತು. ಒಳಗೆ ಎಲ್ಲರೂ ಕೆಳಗಿನ ಮೆಟ್ಟಿಲಿಂದ ಶುರು ಮಾಡಬೇಕು. ಆಡುತ್ತಾ ಆಡುತ್ತಾ ಮೇಲೇರಿ ಮಾಂತ್ರಿಕನ ಪದವಿಗೆ ಹೋಗಬೇಕು. ಕಾಳಗದಲ್ಲಿ ಸತ್ತರೆ ಪಾತ್ರ ಅಳಿಸಿಹೋಯಿತು, ಮತ್ತೆ ಮೊದಲಿನಿಂದ. ತಾವಿಬ್ಬರೂ ಸಾಮಾನ್ಯ ಮನೆಯಿಂದ ಬಂದವರು, ಹುಟ್ಟು ನೋಡಿ ಅಳೆಯುವ ಇಂಗ್ಲೆಂಡು ತಮಗೆ ಸೇರುತ್ತಿರಲಿಲ್ಲ, ಮನುಷ್ಯ ತನ್ನ ನಡತೆಯಿಂದ ಮೇಲೇರುವ ಲೋಕ ಬೇಕಿತ್ತು ಎಂದು ಬಾರ್ಟ್ಲ್ ಮುಂದೆ ಹೇಳಿಕೊಂಡಿದ್ದಾನೆ. ಜಾತಿ ನಮಗಷ್ಟೇ ಇರುವ ರೋಗ ಅಂದುಕೊಂಡಿದ್ದ ನನಗೆ ಇದನ್ನು ಓದಿದಾಗ ಒಂದು ಕ್ಷಣ ಸಮಾಧಾನವೂ ಆಯಿತು, ಬೇಸರವೂ ಆಯಿತು.

ಬಯಲಾಟದಲ್ಲಿ ಇದೇ ಬಿಡುಗಡೆ ಒಂದು ರಾತ್ರಿಯ ಮಟ್ಟಿಗೆ ಇತ್ತು. ಹಗಲು ಗೌಡರ ಮನೆ ಮುಂದೆ ಚಪ್ಪಲಿ ಬಿಟ್ಟು ನಿಲ್ಲುವವನು ರಾತ್ರಿ ರಾಜನಾಗಿ ಗದರಿಸಬಹುದಿತ್ತು. ಗಂಡಸು ದ್ರೌಪದಿಯಾಗಬಹುದಿತ್ತು. ಹೆಣ್ಣಿಗೆ ಮಾತ್ರ ಬಹುಕಾಲ ಆ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ.

ಅದಕ್ಕೇ ನನಗೆ ಶ್ರೀಕೃಷ್ಣ ಪಾರಿಜಾತ ಮುಖ್ಯ ಅನಿಸುತ್ತದೆ. ಬೆಳಗಾವಿ, ಬಾಗಲಕೋಟೆ ಸೀಮೆಯ ಈ ಸಣ್ಣಾಟಕ್ಕೆ ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ ಇಬ್ಬರ ಹೆಸರೂ ಅಂಟಿಕೊಂಡಿದೆ. ಹಾಡು ಕಟ್ಟಿದ್ದು, ಆದರೆ ನಡುವಿನ ಮಾತಿನಲ್ಲಿ ಬಹುಪಾಲು ಆ ರಾತ್ರಿ ಅಲ್ಲೇ ಹುಟ್ಟುವುದು. ಭಾಗವತ ಅಡ್ಡಪ್ರಶ್ನೆ ಹಾಕುತ್ತಾನೆ, ಪಾತ್ರ ನಿಂತಲ್ಲೇ ಉತ್ತರ ಹುಡುಕಬೇಕು. ಉತ್ತರ ತಡವಾದರೆ ಜನ ನಗುತ್ತಾರೆ. ಇಂಥ ಆಟದಲ್ಲಿ ಕೌಜಲಗಿ ನಿಂಗಮ್ಮ ಹೆಸರು ಮಾಡಿದರು. ಗಂಡಸರು ಸೆರಗು ಹೊದ್ದು ಹೆಣ್ಣಾಗುತ್ತಿದ್ದ ರಂಗದಲ್ಲಿ ಹೆಣ್ಣೊಬ್ಬಳು ನಿಂತು ತಾನು ಯಾರೆಂದು ತಾನೇ ಹೇಳಿದಳು. ರಂಗದಿಂದ ಇಳಿದ ಮೇಲೆ ಆಟದ ಹೆಣ್ಣುಮಕ್ಕಳಿಗೆ ಊರು ಕೇಳುತ್ತಿದ್ದ ಪ್ರಶ್ನೆಗಳು ಬೇರೆ. ಅವನ್ನು ಕೇಳುವವರಿಗೆ ಉತ್ತರವೂ ಬೇಕಿರಲಿಲ್ಲ.

ಅಕ್ಷರದ ಲೋಕದಲ್ಲೂ ವೇಷ ಪೂರ್ತಿ ರಕ್ಷಣೆ ಕೊಡಲಿಲ್ಲ. 1990ರಲ್ಲಿ ಪಾವೆಲ್ ಕರ್ಟಿಸ್ ಶುರು ಮಾಡಿದ ಲ್ಯಾಂಬ್ಡಾಮೂ ಎಂಬಲ್ಲಿ ಗಂಡು ಹೆಣ್ಣು ಎರಡನ್ನೂ ಬಿಟ್ಟು ಬೇರೆಯದನ್ನೂ ಆರಿಸಿಕೊಳ್ಳಬಹುದಿತ್ತು. ಅಲ್ಲಿ 1993ರಲ್ಲಿ ಒಬ್ಬ ಆಟಗಾರ ಬೇರೆಯವರ ಪಾತ್ರಗಳ ಹೆಸರಲ್ಲಿ ತಾನೇ ಹೊಲಸು ಮಾತು ಬರೆದು, ಅವರೇ ಮಾಡಿದರೆಂಬಂತೆ ತೋರಿಸಿದ. ಮೈ ಮುಟ್ಟಿದವರಿಲ್ಲ, ಬರೀ ಅಕ್ಷರ. ಆದರೂ ಆ ಪಾತ್ರದ ಹಿಂದಿದ್ದ ಹೆಂಗಸು ನಿಜವಾಗಿ ಅತ್ತಳು. ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತ ಇದನ್ನು ಬರೆದ ಮೇಲೆ ಲೋಕ ಗಂಭೀರವಾಗಿ ನೋಡಿತು. ನಮ್ಮ ಹುಡುಗಿಯರು ಇಂಥ ಆಟಕ್ಕೆ ಹೋದಾಗ "ಅದೇನು ಬರೀ ಆಟ" ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ತಮ್ಮನ ಕಡೆ ಬರೋಣ. ಅವನು ಬರೆದಿದ್ದ ಪಾತ್ರ: ಕಪ್ಪು ಕುದುರೆ, ಬೆಂಕಿ ಕತ್ತಿ, ಯಾರಿಗೂ ಸೋಲದವನು, ಇಂಗ್ಲಿಷ್ ಹೆಸರು. ಕಚ್ಚಾ ಇರುವಲ್ಲಿ "ಏನೂ ಇಲ್ಲ" ಅಂತ ಹಾಕಿದ್ದ. ಯಾವುದೋ ಸಿನಿಮಾದಿಂದ ಎತ್ತಿದ್ದು ಅಂತ ಮೇಲ್ನೋಟಕ್ಕೇ ಗೊತ್ತಾಗುತ್ತಿತ್ತು.

ಅವನಿಗೆ ರನ್ನನ ಕಥೆ ಹೇಳಿದೆ. ಮುಧೋಳದ ಬಳೆಗಾರರ ಮನೆಯ ಹುಡುಗ, 949ರಲ್ಲಿ ಹುಟ್ಟಿದವನು. ಗದಾಯುದ್ಧದಲ್ಲಿ ತನಗೆ ಆಶ್ರಯ ಕೊಟ್ಟ ಚಾಲುಕ್ಯ ದೊರೆಯನ್ನು ಭೀಮನಿಗೆ ಹೋಲಿಸಿದ, ಗೆಲುವನ್ನೂ ಭೀಮನಿಗೇ ಕೊಟ್ಟ. ಆದರೆ ಓದಿದವರ ಮನಸ್ಸಲ್ಲಿ ಉಳಿಯುವುದು ದುರ್ಯೋಧನ. ಸೋತು, ಹೆಣಗಳ ನಡುವೆ ನಡೆಯುತ್ತಾ, ತಮ್ಮನ ಮುಂದೆ, ಕರ್ಣನ ಮುಂದೆ ನಿಂತು ಅಳುವ, ವೈರಿಯ ಮಗ ಅಭಿಮನ್ಯುವನ್ನೂ ಹೊಗಳುವ ದುರ್ಯೋಧನ. ಬೆಂಕಿ ಕತ್ತಿ ಇದ್ದವನು ಅಳಬೇಕಾದರೆ ಏನಾಗಿರಬೇಕು, ಅದನ್ನು ಬರೆ ಅಂದೆ.

ಅವನಿಗೆ ಎಷ್ಟು ಅರ್ಥವಾಯಿತೋ. ಸುಮ್ಮನೆ ಅಳಿಸುತ್ತಾ ಬರೆಯುತ್ತಾ ಕೂತ. ಪಕ್ಕದ ಓಣಿಯಲ್ಲಿ ಪವರ್‌ಲೂಮ್ ಬಡಿಯುತ್ತಿತ್ತು. ಅರ್ಧ ಗಂಟೆ ಬಿಟ್ಟು ತೋರಿಸಿದ. ಕುದುರೆ ಹೋಗಿತ್ತು. ಹೆಸರು ಇನ್ನೂ ಖಾಲಿ. ಊರು ಇದ್ದಲ್ಲಿ ನದಿ ದಂಡೆಯ ಒಂದು ನೇಕಾರರ ಊರು ಅಂತಿತ್ತು. ಕಚ್ಚಾ ಇರುವಲ್ಲಿ, ಮಗ್ಗದ ಸಪ್ಪಳ ನಿಂತರೆ ಇವನಿಗೆ ನಿದ್ದೆ ಬರುವುದಿಲ್ಲ ಅಂತ ಬರೆದಿದ್ದ.

"ಬಂದ ಕಾರಣ ಏನಂತ ಹಾಕಲಿ?" ಅಂದ. ನಾನು ಹೇಳಲಿಲ್ಲ. ಊಟಕ್ಕೆ ಕರೆದರು, ಮೊಬೈಲ್ ಕಟ್ಟೆ ಮೇಲೆ ಬಿಟ್ಟು ಒಳಗೆ ಹೋದೆವು.