ಚಾಲನಾ ಪರವಾನಗಿ ನವೀಕರಣ (ಕರ್ನಾಟಕ)

ಚಾಲನಾ ಪರವಾನಗಿ ನವೀಕರಣವು ಮೋಟಾರು ವಾಹನ ಚಾಲನೆಗೆ ನೀಡಲಾದ ಪರವಾನಗಿಯ ಅವಧಿ ಮುಗಿಯುವ ಹಂತದಲ್ಲಿ ಅಥವಾ ಮುಗಿದ ಬಳಿಕ ಅದನ್ನು ಮತ್ತೊಂದು ಅವಧಿಗೆ ವಿಸ್ತರಿಸಿಕೊಳ್ಳುವ ಕಾನೂನುಬದ್ಧ ಪ್ರಕ್ರಿಯೆಯಾಗಿದೆ. ಭಾರತದಲ್ಲಿ ಇದು 1988ರ ಮೋಟಾರು ವಾಹನಗಳ ಅಧಿನಿಯಮದ 14 ಮತ್ತು 15ನೆಯ ಪ್ರಕರಣಗಳಿಗೆ ಒಳಪಟ್ಟಿದೆ. ಕರ್ನಾಟಕದಲ್ಲಿ ಸಾರಿಗೆ ಇಲಾಖೆಯ ಪ್ರಾದೇಶಿಕ ಸಾರಿಗೆ ಕಚೇರಿಗಳು (ಆರ್.ಟಿ.ಒ.) ಪರವಾನಗಿಯನ್ನು ನವೀಕರಿಸುತ್ತವೆ. ಅರ್ಜಿಯನ್ನು ‘ಸಾರಥಿ’ ಜಾಲತಾಣದ ಮೂಲಕ ಸಲ್ಲಿಸಲಾಗುತ್ತದೆ.

ಪರವಾನಗಿಯ ಅವಧಿ

2019ರ ತಿದ್ದುಪಡಿಗೆ ಮುನ್ನ ಸ್ವಂತ ಬಳಕೆಯ ವಾಹನಗಳ ಪರವಾನಗಿಯು 20 ವರ್ಷ ಅಥವಾ ಪರವಾನಗಿದಾರರಿಗೆ 50 ವರ್ಷ ತುಂಬುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಊರ್ಜಿತವಾಗಿರುತ್ತಿತ್ತು. ತಿದ್ದುಪಡಿಯ ನಂತರ ಅವಧಿಯು ಪರವಾನಗಿ ನೀಡುವ ಅಥವಾ ನವೀಕರಿಸುವ ದಿನದಂದು ಇರುವ ವಯಸ್ಸನ್ನು ಅವಲಂಬಿಸಿದೆ.

* 30 ವರ್ಷ ತುಂಬದವರಿಗೆ: 40 ವರ್ಷ ತುಂಬುವವರೆಗೆ
* 30 ವರ್ಷ ತುಂಬಿ 50 ತುಂಬದವರಿಗೆ: 10 ವರ್ಷ
* 50 ವರ್ಷ ತುಂಬಿ 55 ತುಂಬದವರಿಗೆ: 60 ವರ್ಷ ತುಂಬುವವರೆಗೆ
* 55 ವರ್ಷ ತುಂಬಿದವರಿಗೆ: 5 ವರ್ಷ

ಉದಾಹರಣೆಗೆ, 52ನೆಯ ವಯಸ್ಸಿನಲ್ಲಿ ನವೀಕರಿಸಿದ ಪರವಾನಗಿಯು 60 ತುಂಬುವವರೆಗೆ ನಡೆಯುತ್ತದೆ. 58ನೆಯ ವಯಸ್ಸಿನಲ್ಲಿ ನವೀಕರಿಸಿದ್ದು ಐದು ವರ್ಷ ಮಾತ್ರ ನಡೆಯುತ್ತದೆ. ಸಾರಿಗೆ ವಾಹನಗಳ ಪರವಾನಗಿಯ ಅವಧಿ 5 ವರ್ಷ. ಅಪಾಯಕಾರಿ ಸರಕು ಸಾಗಿಸುವ ವಾಹನಗಳಿಗೆ 3 ವರ್ಷ. ಒಂದೇ ಕಾರ್ಡಿನಲ್ಲಿ ಎರಡೂ ಬಗೆಯ ಅನುಮತಿ ಇದ್ದಲ್ಲಿ ಸಾರಿಗೆ ಮತ್ತು ಸಾರಿಗೇತರ ಅವಧಿಗಳು ಬೇರೆಬೇರೆಯಾಗಿ ಮುದ್ರಿತವಾಗಿರುತ್ತವೆ. ಆದುದರಿಂದ ಒಂದು ದಿನಾಂಕವನ್ನು ನೋಡಿ ಮತ್ತೊಂದೂ ಊರ್ಜಿತವಾಗಿದೆಯೆಂದು ಭಾವಿಸಲಾಗದು.

ಸಾರಥಿ ಜಾಲತಾಣ

‘ಸಾರಥಿ’ಯು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯಕ್ಕಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು (ಎನ್.ಐ.ಸಿ.) ರೂಪಿಸಿದ ತಂತ್ರಾಂಶವಾಗಿದ್ದು, ‘ಪರಿವಾಹನ್’ ಜಾಲತಾಣದಲ್ಲಿ ಲಭ್ಯವಿದೆ. ವಾಹನ ನೋಂದಣಿಗೆ ‘ವಾಹನ್’ ಎಂಬ ಪ್ರತ್ಯೇಕ ತಂತ್ರಾಂಶವಿದೆ. 2021ರ ಮಾರ್ಚ್‌ನಲ್ಲಿ ಸಚಿವಾಲಯವು ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆ ಪಡೆಯಬಹುದಾದ 18 ಸೇವೆಗಳನ್ನು ಪ್ರಕಟಿಸಿತು. ಚಾಲನಾ ಪರೀಕ್ಷೆಯ ಅಗತ್ಯವಿಲ್ಲದ ನವೀಕರಣವೂ ಅವುಗಳಲ್ಲೊಂದು. 2022ರಲ್ಲಿ ಇಂತಹ ಸೇವೆಗಳ ಸಂಖ್ಯೆಯನ್ನು 58ಕ್ಕೆ ಏರಿಸಲಾಯಿತು.

ಅರ್ಜಿ ಸಲ್ಲಿಸುವ ವಿಧಾನ

1. ಜಾಲತಾಣದಲ್ಲಿ ಚಾಲನಾ ಪರವಾನಗಿ ಸೇವೆಗಳ ವಿಭಾಗವನ್ನು ತೆರೆದು ಕರ್ನಾಟಕ ರಾಜ್ಯವನ್ನು ಆಯ್ದುಕೊಳ್ಳಬೇಕು.
2. ನವೀಕರಣದ ಸೇವೆಯನ್ನು ಆಯ್ದು, ಪರವಾನಗಿ ಸಂಖ್ಯೆ ಹಾಗೂ ಜನ್ಮದಿನಾಂಕವನ್ನು ನಮೂದಿಸಬೇಕು. ಸಂಖ್ಯೆಯು ‘ಕೆಎ’ ಎಂಬ ರಾಜ್ಯಸೂಚಕದಿಂದ ಆರಂಭವಾಗುತ್ತದೆ; ಅದರ ಮುಂದೆ ಕಚೇರಿಯ ಸಂಕೇತ, ವರ್ಷ ಮತ್ತು ಕ್ರಮಸಂಖ್ಯೆ ಇರುತ್ತವೆ.
3. ತೆರೆಯ ಮೇಲೆ ಕಾಣುವ ಹೆಸರು, ವಿಳಾಸ ಮತ್ತು ವಾಹನ ವರ್ಗಗಳನ್ನು ಪರಿಶೀಲಿಸಿ, ಮೊಬೈಲಿಗೆ ಬರುವ ಓಟಿಪಿಯಿಂದ ದೃಢೀಕರಿಸಬೇಕು.
4. ಕೇಳಲಾದ ದಾಖಲೆಗಳನ್ನು ಸೇರಿಸಿ ಶುಲ್ಕವನ್ನು ಪಾವತಿಸಬೇಕು.
5. ಅರ್ಜಿ ಸಂಖ್ಯೆ ಮತ್ತು ರಸೀದಿಯನ್ನು ಕಾದಿರಿಸಿಕೊಳ್ಳಬೇಕು. ಅರ್ಜಿಯ ಸ್ಥಿತಿಯನ್ನು ಇದೇ ಸಂಖ್ಯೆಯಿಂದ ತಿಳಿಯಬಹುದು.

ಕೇಂದ್ರ ನಿಯಮಗಳ ಪ್ರಕಾರ ನವೀಕರಣದ ಮೂಲ ಶುಲ್ಕ 200 ರೂಪಾಯಿ. ಸ್ಮಾರ್ಟ್ ಕಾರ್ಡಿನ ಶುಲ್ಕ ಪ್ರತ್ಯೇಕ. ವಿಳಂಬವಾದಲ್ಲಿ ಹೆಚ್ಚುವರಿ ಶುಲ್ಕ ತೆರಬೇಕಾಗುತ್ತದೆ.

ವೈದ್ಯಕೀಯ ಪ್ರಮಾಣಪತ್ರ

40 ವರ್ಷ ತುಂಬಿದ ಎಲ್ಲ ಅರ್ಜಿದಾರರೂ, ವಯಸ್ಸು ಎಷ್ಟೇ ಇದ್ದರೂ ಸಾರಿಗೆ ವಾಹನದ ಚಾಲಕರೂ ನೋಂದಾಯಿತ ವೈದ್ಯರಿಂದ ‘ನಮೂನೆ 1-ಎ’ಯಲ್ಲಿ ಪ್ರಮಾಣಪತ್ರ ಪಡೆಯಬೇಕು. ದೃಷ್ಟಿ, ಶ್ರವಣ ಹಾಗೂ ಕೆಂಪು-ಹಸಿರು ಬಣ್ಣಗಳನ್ನು ಗುರುತಿಸುವ ಶಕ್ತಿಯನ್ನು ಇದರಲ್ಲಿ ದೃಢೀಕರಿಸಲಾಗುತ್ತದೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ವಾಹನದ ಸಂಖ್ಯಾಫಲಕವನ್ನು ಓದಬಲ್ಲರೇ ಎಂಬುದು ದೃಷ್ಟಿಯ ಅಳತೆಗೋಲು. ಕನ್ನಡಕ ಧರಿಸುವವರು ಅದನ್ನು ಧರಿಸಿಯೇ ಓದಬಹುದು. ಉಳಿದವರಿಗೆ ‘ನಮೂನೆ 1’ರ ಸ್ವಯಂ ಘೋಷಣೆ ಸಾಕಾಗುತ್ತದೆ.

ಕಾಲಮಿತಿ ಮತ್ತು ಪರಿಣಾಮಗಳು

ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ನಂತರದ ಒಂದು ವರ್ಷದವರೆಗೆ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ದೀರ್ಘಕಾಲ ವಿದೇಶಕ್ಕೆ ತೆರಳುವವರಿಗೆ ಮುಂಚಿತವಾಗಿ ನವೀಕರಿಸಿಕೊಳ್ಳುವ ಅವಕಾಶವು ಪ್ರಯೋಜನಕಾರಿ. ಅವಧಿ ಮುಗಿದು ಒಂದು ವರ್ಷ ಕಳೆದರೆ ಚಾಲನಾ ಸಾಮರ್ಥ್ಯದ ಪರೀಕ್ಷೆಯಲ್ಲಿ ಮತ್ತೊಮ್ಮೆ ಉತ್ತೀರ್ಣರಾಗದ ಹೊರತು ನವೀಕರಣವಾಗದು.

ಅವಧಿ ಮುಗಿದ ನಂತರದ ಈ ಒಂದು ವರ್ಷವು ಅರ್ಜಿ ಸಲ್ಲಿಸಲು ನೀಡಿದ ಕಾಲಾವಕಾಶವೇ ಹೊರತು ವಾಹನ ಚಲಾಯಿಸಲು ನೀಡಿದ ಅನುಮತಿಯಲ್ಲ. ಹಿಂದಿನ ಕಾನೂನಿನಲ್ಲಿ ಅವಧಿ ಮುಗಿದರೂ 30 ದಿನಗಳವರೆಗೆ ಪರವಾನಗಿ ಊರ್ಜಿತವಾಗಿರುತ್ತಿತ್ತು. 2019ರ ತಿದ್ದುಪಡಿಯು ಈ ರಿಯಾಯಿತಿಯನ್ನು ತೆಗೆದುಹಾಕಿತು. ತಡವಾಗಿ ಪಡೆದ ನವೀಕರಣವು ನವೀಕರಿಸಿದ ದಿನದಿಂದಷ್ಟೇ ಜಾರಿಗೆ ಬರುವುದರಿಂದ ನಡುವಿನ ದಿನಗಳು ಪರವಾನಗಿಯಿಲ್ಲದ ದಿನಗಳಾಗಿಯೇ ಉಳಿಯುತ್ತವೆ. ಊರ್ಜಿತ ಪರವಾನಗಿಯಿಲ್ಲದೆ ವಾಹನ ಚಲಾಯಿಸಿದರೆ 181ನೆಯ ಪ್ರಕರಣದನ್ವಯ ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಅಪಘಾತ ಸಂಭವಿಸಿದಾಗ ಪರಿಣಾಮವು ದಂಡಕ್ಕಷ್ಟೇ ಸೀಮಿತವಾಗಿರದು. ಚಾಲಕರಲ್ಲಿ ಊರ್ಜಿತ ಪರವಾನಗಿ ಇರಲಿಲ್ಲವೆಂದು ವಿಮಾ ಸಂಸ್ಥೆಯು ವಾದಿಸಬಹುದು. ಇಂತಹ ಸಂದರ್ಭಗಳಲ್ಲಿ ವಿಮಾ ಸಂಸ್ಥೆಯು ಸಂತ್ರಸ್ತರಿಗೆ ಪರಿಹಾರ ಪಾವತಿಸಿ, ಆ ಮೊತ್ತವನ್ನು ವಾಹನದ ಮಾಲೀಕರಿಂದ ವಸೂಲು ಮಾಡುವಂತೆ ನ್ಯಾಯಾಲಯಗಳು ಆದೇಶಿಸಿರುವುದುಂಟು. ಸರ್ವೋಚ್ಚ ನ್ಯಾಯಾಲಯದ 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪು ಈ ವಿಷಯದಲ್ಲಿ ಮುಖ್ಯವಾದುದು.

ಹಳೆಯ ಪರವಾನಗಿಗಳು

ಗಣಕೀಕರಣಕ್ಕೆ ಮುನ್ನ ಪರವಾನಗಿಗಳನ್ನು ಕೈಬರಹದ ಕಿರುಪುಸ್ತಕಗಳ ರೂಪದಲ್ಲಿ ನೀಡಲಾಗುತ್ತಿತ್ತು. ಇವುಗಳ ವಿವರ ಸಾರಥಿಯಲ್ಲಿ ಸೇರಿರದಿದ್ದರೆ ಜಾಲತಾಣವು ಪರವಾನಗಿ ಸಂಖ್ಯೆಯನ್ನು ಗುರುತಿಸುವುದಿಲ್ಲ. ಆಗ ಮೂಲ ಪುಸ್ತಕದೊಡನೆ ಅದನ್ನು ನೀಡಿದ ಕಚೇರಿಯನ್ನು ಸಂಪರ್ಕಿಸಿ, ವಿವರಗಳನ್ನು ಗಣಕಕ್ಕೆ ಸೇರಿಸಿದ ಬಳಿಕವೇ ಅರ್ಜಿ ಸಲ್ಲಿಸಲು ಸಾಧ್ಯ. ಈ ಕಾರಣದಿಂದ ಹಳೆಯ ಪರವಾನಗಿ ಹೊಂದಿರುವ ಹಿರಿಯರು ಅವಧಿ ಮುಗಿಯುವ ಕೆಲವು ತಿಂಗಳು ಮೊದಲೇ ತಮ್ಮ ವಿವರ ಜಾಲತಾಣದಲ್ಲಿದೆಯೇ ಎಂದು ನೋಡಿಕೊಳ್ಳುವುದು ಸೂಕ್ತ.

ಡಿಜಿಟಲ್ ಪ್ರತಿ

ಡಿಜಿಲಾಕರ್ ಅಥವಾ ಎಂಪರಿವಾಹನ್ ಮೂಲಕ ತೋರಿಸುವ ವಿದ್ಯುನ್ಮಾನ ಪರವಾನಗಿಗೆ ಮೂಲ ಕಾರ್ಡಿನಷ್ಟೇ ಮಾನ್ಯತೆಯಿದೆ. ಮೊಬೈಲಿನಲ್ಲಿ ಉಳಿಸಿಕೊಂಡ ಕಾರ್ಡಿನ ಛಾಯಾಚಿತ್ರಕ್ಕೆ ಈ ಮಾನ್ಯತೆ ಅನ್ವಯಿಸುವುದಿಲ್ಲ.