ಅರೆ ವರಹದ ಅಡಿಯ ಬೆಳ್ಳಿ

ಕ್ರಿ.ಶ. ೧೭೯೯ರ ಮಾರ್ಚ್ ತಿಂಗಳಲ್ಲಿ ಜನರಲ್ ಹ್ಯಾರಿಸನ ಸೇನೆಯು ಶ್ರೀರಂಗಪಟ್ಟಣದತ್ತ ಸಾಗುವಾಗ ನಮ್ಮ ಕೆಲಮಂಗಲದಲ್ಲಿ ಬೀಡುಬಿಟ್ಟಿತ್ತು. ಯುದ್ಧ ಮುಗಿದ ಮೇಲೆ ಹೊಸೂರು ಸೀಮೆಯು ಕಂಪೆನಿಯ ವಶವಾಗಿ ಮದರಾಸು ಆಧಿಪತ್ಯಕ್ಕೆ ಸೇರಿತು. ಗಡಿ ಬದಲಾದ ಕಥೆಯನ್ನು ಹೇಳುವವರು ಅನೇಕರು. ಗಡಿಯೊಡನೆ ನಾಣ್ಯವೂ ಬದಲಾದುದನ್ನು ನೆನೆಯುವವರು ವಿರಳ.

ಮೈಸೂರಿನ ಕಂಠೀರಾಯ ಹಣ, ಸುಲ್ತಾನರ ರೂಪಾಯಿಗಳ ಬಳಕೆಯಿದ್ದ ಸೀಮೆಗೆ ಮದರಾಸಿನ ಲೆಕ್ಕ ಬಂದಿತು: ವರಹಕ್ಕೆ ೪೨ ಹಣ, ಹಣಕ್ಕೆ ೮೦ ಕಾಸು. ನಾಣ್ಯದ ಬೆಲೆಯನ್ನು ಚಿನಿವಾರನೇ ನಿರ್ಣಯಿಸುತ್ತಿದ್ದ ಕಾಲವದು. ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಿಸುವಾಗ ತೆರಬೇಕಾದ ವಟ್ಟವನ್ನು ಹೊತ್ತವನು ಕಂದಾಯ ಕಟ್ಟುವ ರೈತನೇ.

ಮದರಾಸಿನ ಟಂಕಸಾಲೆಯು ೧೮೦೭ರ ಅನಂತರ ಬೆಳ್ಳಿಯ ಅರೆ ವರಹವನ್ನು ಹೊರತಂದಿತು. ಅದರ ಒಂದು ಮುಖದಲ್ಲಿ ಗೋಪುರ, ಇನ್ನೊಂದರಲ್ಲಿ ವಿಷ್ಣುವಿನ ರೂಪ. ನೋಡಿದರೆ ನಮ್ಮ ನೆಲದ್ದೇ ಎನ್ನಿಸುವ ನಾಣ್ಯ. ಆದರೆ ಇವುಗಳಲ್ಲಿ ಹಲವನ್ನು ಹೊಸ ಬೆಳ್ಳಿಯ ಬಿಲ್ಲೆಗಳ ಮೇಲೆ ಅಚ್ಚೊತ್ತಲಿಲ್ಲ. ಸ್ಪೇನಿನ ಡಾಲರುಗಳ ಮೇಲೆಯೇ ಒತ್ತಿದರು. ಹಳೆಯ ಮುದ್ರೆ ಪೂರ್ತಿ ಅಳಿಯದ ನಾಣ್ಯಗಳಲ್ಲಿ ಗೋಪುರದ ನಡುವೆ ಸ್ಪೇನ್ ದೊರೆಯ ಹೆಸರಿನ ಅಕ್ಷರಗಳು ಇಣುಕುತ್ತವೆ. ಸಂಗ್ರಾಹಕರು ಇಂದು ಹುಡುಕುವುದು ಇಂಥವನ್ನೇ.

ಆ ಡಾಲರುಗಳು ಮೆಕ್ಸಿಕೋ, ಪೆರುವಿನ ಲಿಮಾ, ಇಂದಿನ ಬೊಲಿವಿಯದ ಪೊಟೊಸಿ ಮೊದಲಾದ ಟಂಕಸಾಲೆಗಳಲ್ಲಿ ಹುಟ್ಟಿದವು. ಪೊಟೊಸಿಯ ಬೆಟ್ಟದಲ್ಲಿ ೧೫೪೫ರಲ್ಲಿ ಬೆಳ್ಳಿ ಕಂಡಿತು. ಸುತ್ತಣ ಹಳ್ಳಿಗಳ ಆದಿವಾಸಿಗಳನ್ನು ಸರದಿಯಂತೆ ಹಿಡಿದು ತಂದು ಗಣಿಗಿಳಿಸುವ ‘ಮಿತಾ’ ಎಂಬ ಕಡ್ಡಾಯ ದುಡಿಮೆಯು ೧೮೧೨ರವರೆಗೂ ಕಾನೂನುಬದ್ಧವಾಗಿತ್ತು. ನಮ್ಮ ಬಟ್ಟೆ, ಮೆಣಸುಗಳನ್ನು ಕೊಳ್ಳಲು ಯುರೋಪಿನ ವರ್ತಕರು ತಂದದ್ದು ಬಹುಪಾಲು ಈ ಬೆಳ್ಳಿಯನ್ನೇ. ಅದನ್ನು ಅಗೆದವನಿಗೂ ಅದರಿಂದ ಕಂದಾಯ ಕಟ್ಟಿದವನಿಗೂ ಪರಸ್ಪರ ಹೆಸರು ತಿಳಿಯದು. ಅವರಿಬ್ಬರ ಬೆವರೂ ಒಂದೇ ಬಿಲ್ಲೆಗೆ ಹತ್ತಿದೆ ಎಂದು ನನಗೆ ತೋರುತ್ತದೆ.

ನಮ್ಮ ಶಾಲೆಯವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆ ಅರೆ ವರಹದ ಮೇಲೆ ಇಂಗ್ಲಿಷ್, ಪಾರಸಿ, ತಮಿಳು, ತೆಲುಗು ಬರಹಗಳಿವೆ, ಕನ್ನಡವಿಲ್ಲ. ಗಡಿಯಾಚೆ, ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಕನ್ನಡ ಅಕ್ಷರಗಳಿದ್ದವು. ಮನೆಯಲ್ಲಿ ಕನ್ನಡ ಆಡುವ ಇಲ್ಲಿಯ ರೈತನು ತನ್ನ ಲಿಪಿಯಿಲ್ಲದ ನಾಣ್ಯವನ್ನೇ ಕಚೇರಿಗೆ ಒಪ್ಪಿಸಬೇಕಾಯಿತು.

೧೮೧೮ರಲ್ಲಿ ವರಹದ ಲೆಕ್ಕ ನಿಂತು, ಒಂದು ವರಹಕ್ಕೆ ಮೂರೂವರೆಯಂತೆ ರೂಪಾಯಿಯ ಲೆಕ್ಕ ಬಂದಿತು. ಅರೆ ವರಹಗಳು ಕ್ರಮೇಣ ಚಲಾವಣೆಯಿಂದ ಮರೆಯಾದವು.